ಇನಾಮು ಮತ್ತು ಅಂಕ: ದೊರೆಗಳ ದರ್ಜೆ ನಿರ್ಣಯಕ್ಕೆ ಆದವಾನಿ ಸಿದ್ಧಾಂತ

ಅಮೆರಿಕದ ಅಧ್ಯಕ್ಷರಲ್ಲಿ ಹಿರಿಯರಾರು, ಕಿರಿಯರಾರು ಎಂಬ ಪ್ರಶ್ನೆಯನ್ನು ಹಿರಿಯ ಆರ್ಥರ್ ಶ್ಲೆಸಿಂಜರ್ 1948ರಲ್ಲಿ 55 ಮಂದಿ ವಿದ್ವಾಂಸರ ಮುಂದಿಟ್ಟರು. ಅಂದಿನಿಂದ ಆ ಪರೀಕ್ಷೆ ನಡೆಯುತ್ತಲೇ ಇದೆ. ಸಿ-ಸ್ಪ್ಯಾನ್ ವಾಹಿನಿಯಂತೂ ಹತ್ತು ವಿಷಯಗಳಲ್ಲಿ ಅಂಕ ಹಾಕಿಸಿ ಮೊತ್ತ ಕೂಡಿಸುತ್ತದೆ. ಪ್ರತಿ ಸಲವೂ ಲಿಂಕನ್ ಪ್ರಥಮ. ಇಷ್ಟೆಲ್ಲ ಬೆವರು ಸುರಿಸಿದರೂ ಆ ಪಂಡಿತರಿಗೆ ಮೂಲಸೂತ್ರ ದಕ್ಕಲಿಲ್ಲ. ಕಾರಣ ಸ್ಪಷ್ಟ: ಅವರು ಆದವಾನಿಯನ್ನು ಆಕರವಾಗಿ ಬಳಸಲಿಲ್ಲ. ಕರ್ನೂಲು ಜಿಲ್ಲೆಯ ಪಡುವಣ ಸೀಮೆ ನಮಗೆ ಕಲಿಸುವ ಸೂತ್ರ ಒಂದೇ: ದೊರೆಗೆ ಅಂಕ ಹಾಕುವವನು ಇನಾಮು ಪಡೆದವನು, ದೊರೆ ಮಾಡಿದ ಮಿಕ್ಕ ಕೆಲಸವೆಲ್ಲ ಅಡಿಟಿಪ್ಪಣಿ.

ಪ್ರಮಾಣಗಳನ್ನು ನೋಡೋಣ. ಸಿದ್ದಿ ಮಸೂದ್ ಖಾನ್ ಆದವಾನಿಯ ಅಧಿಪತಿ, ಕೆಲಕಾಲ ಬಿಜಾಪುರದ ರಾಜ್ಯಭಾರವನ್ನೇ ಹೊತ್ತವನು. ಆ ರಾಜ್ಯಭಾರ ಇಂದು ಯಾರಿಗೆ ನೆನಪಿದೆ? ಕನ್ನಡಿಗರ ಲೆಕ್ಕದಲ್ಲಿ ಆತ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮ ಬಿಟ್ಟುಕೊಟ್ಟ ನವಾಬ. ತಟ್ಟೆಯಲ್ಲಿ ಮಾಂಸ ಮುಚ್ಚಿ ತಂದು ಪರೀಕ್ಷಿಸಿದ ತಪ್ಪೂ, ಅದು ಹೂವಾದದ್ದನ್ನು ಕಂಡು ತಲೆಬಾಗಿದ್ದರಿಂದ ಮನ್ನಾ ಆಯಿತು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಒಪ್ಪಿಸಿದಾಗ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಮಂಚಾಲೆಯ ರಾಯರ ಮಠದ ಇನಾಮನ್ನು ವಿಚಾರಿಸಲು ಹೋಗಿ, ಬೂಟು ಕಳಚಿ ಒಳಹೊಕ್ಕಾಗ, ಬೃಂದಾವನಸ್ಥ ಗುರುಗಳು ಅವನೊಬ್ಬನಿಗೇ ಕಾಣಿಸಿ ಮಾತಾಡಿದರೆಂಬುದು ಪ್ರತೀತಿ. ಇನಾಮು ಉಳಿಯಿತು, ಮನ್ರೋ ಹೆಸರೂ ಉಳಿಯಿತು. ಇವರಿಬ್ಬರ ನಡುವೆ ನಿಜಾಮನ ತಮ್ಮ ಬಸಾಲತ್ ಜಂಗ್ ಇದ್ದ. ಆದವಾನಿಯನ್ನು ಜಹಗೀರಾಗಿ ಅನುಭವಿಸಿ, ಫ್ರೆಂಚರ ಪಡೆ ಸಾಕಿ, 1782ರಲ್ಲಿ ತೀರಿಕೊಂಡ. ಅವನ ಪಾಲಿಗೆ ಒಂದು ಪವಾಡವೂ ಇಲ್ಲ. ಆದ್ದರಿಂದ ಗೈರುಹಾಜರಿ.

ಪವಾಡವನ್ನು ಪ್ರಮಾಣವೆಂದು ಒಪ್ಪುವುದು ಹೇಗೆ ಎಂದು ಪೂರ್ವಪಕ್ಷದವರು ಕೇಳಬಹುದು. ಪವಾಡ ನಡೆಯಿತೇ ಎಂಬುದು ಭಕ್ತರಿಗೆ ಬಿಟ್ಟ ವಿಷಯ. ಅದು ಯಾವ ದೊರೆಯ ಖಾತೆಗೆ ಜಮೆಯಾಯಿತು ಎಂಬುದಷ್ಟೇ ನಮ್ಮ ಶಾಸ್ತ್ರದ ವ್ಯಾಪ್ತಿ. ವಾಷಿಂಗ್ಟನ್ ಚೆರ್ರಿ ಮರ ಕಡಿದು ಸತ್ಯ ನುಡಿದ ಕಥೆಯನ್ನು ವೀಮ್ಸ್ ಎಂಬ ಪಾದ್ರಿ ಕಟ್ಟಿದನೆಂದು ತಿಳಿದ ಮೇಲೂ ಅಮೆರಿಕನ್ನರು ಅದನ್ನು ಮಕ್ಕಳಿಗೆ ಹೇಳುವುದನ್ನು ಬಿಡಲಿಲ್ಲ. ಮಠ ಒಂದರ ಸಾಕ್ಷ್ಯ ಸಾಲದು ಎನ್ನುವವರಿಗೂ ಉತ್ತರವಿದೆ. ಮೊಗಲರು ಫಿರಂಗಿಗಳನ್ನು ಆದವಾನಿಯ ಜಾಮಿಯಾ ಮಸೀದಿಯತ್ತ ತಿರುಗಿಸಿದಾಗ, ಅದನ್ನು ಉಳಿಸಲೆಂದೇ ಮಸೂದ್ ಖಾನ್ ಕೋಟೆ ಒಪ್ಪಿಸಿದನೆಂಬ ಕಥೆಯುಂಟು. ಎರಡು ಇಲಾಖೆಗಳಲ್ಲೂ ಆತ ಪಾಸು. ಇನ್ನು ಮನ್ರೋ ಕಂದಾಯವನ್ನು ನಾಲ್ಕನೇ ಒಂದು ಪಾಲು ಇಳಿಸಬೇಕೆಂದು 1807ರಲ್ಲಿ ಬರೆದವನು. ಈ ಸೀಮೆಯವರು ತಮ್ಮ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತಾಗ ಅವನ ನೆನಪಿಗೆ ಅಲ್ಲೊಂದು ತೋಪು, ಒಂದು ಬಾವಿ ಆಯಿತು. ಮಳೆ ಕೈಕೊಡುವ ಊರಲ್ಲಿ ಬಾವಿಗಿಂತ ದೊಡ್ಡ ಅಂಕಪಟ್ಟಿ ಬೇಡ.

ಅಮೆರಿಕಕ್ಕೆ ಈ ಸೂತ್ರ ಹೊಂದದು ಎಂಬುದು ಕೊನೆಯ ಆಕ್ಷೇಪ. ಹೊಂದುತ್ತದೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಕಾಗದಪತ್ರಗಳಿಗೆಂದೇ ಗ್ರಂಥಾಲಯ ಕಟ್ಟಿಸಿ 1941ರಲ್ಲಿ ತೆರೆದರು. ಅದನ್ನು ಬಳಸುವವರು ಇತಿಹಾಸಕಾರರು, ಅಂಕ ಹಾಕುವವರೂ ಅವರೇ. ರೂಸ್‌ವೆಲ್ಟ್ ಪಟ್ಟಿಯ ಮೊದಲ ಮೂವರಲ್ಲಿ ಒಬ್ಬರು. ನಿಕ್ಸನ್‌ಗೂ ಗ್ರಂಥಾಲಯವಿದೆ, ದರ್ಜೆ ಏಕೆ ಏರಲಿಲ್ಲ? ಅವರು ಇನಾಮಿನ ಜೊತೆಗೆ ತಮ್ಮ ಮಾತುಗಳ ಟೇಪುಗಳನ್ನೂ ಉಳಿಸಿದರು. ದಾನಶಾಸನದಲ್ಲಿ ದಾನಿಯ ಬೈಗುಳವನ್ನೂ ಕೆತ್ತಿಸಿದ ಉದಾಹರಣೆ ನಮ್ಮಲ್ಲಿಲ್ಲ.

ಇನ್ನು ಫಲಿತಾಂಶ. ಮಸೂದ್ ಖಾನ್ ಪ್ರಥಮ, ಮನ್ರೋ ದ್ವಿತೀಯ. 1786ರಲ್ಲಿ ಮುತ್ತಿಗೆ ಹಾಕಿ ಆದವಾನಿಯನ್ನು ಗೆದ್ದು ಕೋಟೆ ಕೆಡವಿದ ಟಿಪ್ಪುವಿನ ಉತ್ತರಪತ್ರಿಕೆ ಕರ್ನಾಟಕದಲ್ಲಿ ಮರುಮೌಲ್ಯಮಾಪನದಲ್ಲಿದೆ: 2015ರಲ್ಲಿ ಸರ್ಕಾರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಫಲಿತಾಂಶ ತಡೆಹಿಡಿಯಲಾಗಿದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳನ್ನು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದವರಿಗೆ ಇಲ್ಲಿನ ಕನ್ನಡಿಗರು ಎಷ್ಟು ಅಂಕ ಕೊಡುವರೆಂದು ಯಾವ ಸಮೀಕ್ಷೆಯೂ ಕೇಳದಿರುವುದು ಒಳ್ಳೆಯದು. ಅವರು ಇವರಿಗೆ ಇನಾಮು ಕೊಡಲಿಲ್ಲ. ಇವರನ್ನೇ ಇನಾಮಾಗಿ ಕೊಟ್ಟರು.