ಹೆಬ್ಬೆರಳಿಗೆ ನಿವೃತ್ತಿ

ಕರ್ನಾಟಕದವರ ಜೊತೆ ಬೌಲಿಂಗ್ ವಿಷಯ ಮಾತಾಡುವುದು ಕಷ್ಟ. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ, ಶ್ರೀನಾಥರನ್ನು ಕೊಟ್ಟ ನಾಡು. ಬೌಲಿಂಗ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ 22 ಗಜದ ಪಿಚ್ಚು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಾನು ಈಗ ಎರಡು ಕೈಯಲ್ಲಿ ಬೌಲಿಂಗ್ ಮಾಡುತ್ತೇನೆ ಎಂದು ಶಿವಮೊಗ್ಗದ ಭಾವನಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎರಡೂ ಕೈಲಾ ಮಾರಾಯಾ? ಅಂಪೈರು ಸುಮ್ನೆ ಇರ್ತಾನಾ?" ಎಂದರು.

ಇದು ಆ ಬೌಲಿಂಗ್ ಅಲ್ಲ ಭಾವ, ಮರದ ಹಾಸಿನ ಮೇಲೆ ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸುವುದು ಎಂದು ತಿಳಿಸಿ ಹೇಳಿದೆ. ಅಷ್ಟಕ್ಕೇ ಬಿಡದೆ, ನಮ್ಮ ಚಂದ್ರಶೇಖರ್ ಚಿಕ್ಕಂದಿನಲ್ಲಿ ಪೋಲಿಯೊ ತಗುಲಿದ ಬಲಗೈಯಲ್ಲೇ ಬೌಲ್ ಮಾಡಿ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರಲ್ಲ, ಫೀಲ್ಡಿಂಗ್ ಮಾಡುವಾಗ ಎಸೆಯುತ್ತಿದ್ದದ್ದು ಎಡಗೈಯಲ್ಲಿ, ಹಾಗಾಗಿ ಎರಡು ಕೈ ಬಳಸುವುದು ನಮ್ಮವರಿಗೆ ಹೊಸದೇನಲ್ಲ ಎಂದೂ ಸೇರಿಸಿದೆ. "ಅವರು ಎರಡು ಕೈಯನ್ನೂ ಒಟ್ಟಿಗೆ ಹಾಕ್ತಿರಲಿಲ್ಲ" ಎಂದು ಭಾವ ಫೋನಿಟ್ಟರು.

ನಾನಿರುವುದು ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಇಲ್ಲಿ ಚಳಿಗಾಲಕ್ಕೆ ನಾಚಿಕೆಯಿಲ್ಲ. ಬಂದರೆ ಏಪ್ರಿಲ್‌ವರೆಗೂ ಹೊರಡುವ ಮಾತಾಡುವುದಿಲ್ಲ. ಆ ತಿಂಗಳುಗಳಲ್ಲಿ ಗಂಡಸಿಗೆ ಎರಡೇ ವ್ಯಾಯಾಮ: ಮನೆ ಮುಂದಿನ ಹಿಮ ಎತ್ತಿ ಹಾಕುವುದು, ಗುರುವಾರ ಸಂಜೆ ಕಂಪನಿಯ ಲೀಗಿನಲ್ಲಿ ಬೌಲಿಂಗ್ ಆಡುವುದು. ಹಿಮ ಎತ್ತಲು ಎರಡು ಕೈ ಬಳಸಿದರೆ ಯಾರೂ ಏನೂ ಅನ್ನುವುದಿಲ್ಲ, ಇದನ್ನು ಗಮನದಲ್ಲಿಡಿ.

ಬೌಲಿಂಗ್ ಚೆಂಡಿಗೆ ಮೂರು ತೂತು. ನಡುಬೆರಳು, ಉಂಗುರಬೆರಳು, ಹೆಬ್ಬೆರಳು ಒಳಗೆ ತೂರಿಸಿ, ತೋಳನ್ನು ಹಿಂದಕ್ಕೆ ತೂಗಿ ಮುಂದಕ್ಕೆ ಬಿಡಬೇಕು. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡು, ಅಂದರೆ ಏಳು ಕಿಲೋಗೆ ಸ್ವಲ್ಪ ಮೇಲೆ. ಇಷ್ಟು ಭಾರವನ್ನು ವರ್ಷಗಟ್ಟಲೆ ಹೊತ್ತ ನನ್ನ ಹೆಬ್ಬೆರಳು ಒಂದು ದಿನ ಬುಡದಲ್ಲಿ ಊದಿಕೊಂಡು ತಕರಾರು ತೆಗೆಯಿತು. ಟೇಪು ಸುತ್ತಿದೆ, ಐಸು ಇಟ್ಟೆ, ನಮ್ಮಾಕೆ ಅರಿಸಿನ ಹಚ್ಚಿದಳು. ಡಾಕ್ಟರು ಎಕ್ಸ್-ರೇ ನೋಡಿ, ನನ್ನನ್ನು ನೋಡಿ, ನನ್ನ ಹುಟ್ಟಿದ ತಾರೀಖು ನೋಡಿದರು. ಆಟ ಬಿಡಿ, ಇಲ್ಲವೇ ಹೆಬ್ಬೆರಳು ಬಿಡಿ ಎನ್ನುವುದು ಅವರ ಸಲಹೆಯ ಸಾರಾಂಶ.

ಹೆಬ್ಬೆರಳು ಬಿಟ್ಟು ಆಡುವವರು ಇದ್ದಾರೆ ಎಂದು ತಿಳಿದದ್ದು ಯೂಟ್ಯೂಬಿನಿಂದ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟಿ ಅವರಲ್ಲಿ ಹಿರಿಯ. ನ್ಯೂ ಸೌತ್ ವೇಲ್ಸಿನ ಆರೆಂಜ್ ಎಂಬ ಊರಿನಲ್ಲಿ ಅವನ ಅಪ್ಪ ಅಮ್ಮ ಬೌಲಿಂಗ್ ಸೆಂಟರ್ ನಡೆಸುತ್ತಿದ್ದರು. ಇನ್ನೂ ಸರಿಯಾಗಿ ನಡೆಯಲು ಬಾರದ ವಯಸ್ಸಿನಲ್ಲಿ ಕೂಸು ಚೆಂಡು ಕಂಡಿತು, ಒಂದು ಕೈಯಲ್ಲಿ ಆಗಲಿಲ್ಲ, ಎರಡು ಕೈಯಲ್ಲಿ ತಳ್ಳಿತು. ಎಲ್ಲ ಮಕ್ಕಳೂ ಹಾಗೇ ತಳ್ಳುತ್ತಾರೆ. ದೊಡ್ಡವರು ಬಂದು "ಹಾಗಲ್ಲ ಪುಟ್ಟ, ಹೀಗೆ" ಎಂದು ತಿದ್ದುತ್ತಾರೆ. ಬೆಲ್ಮಾಂಟಿ ತಿದ್ದಿಸಿಕೊಳ್ಳಲಿಲ್ಲ. ಅದೇ ಶೈಲಿಯಲ್ಲಿ 2009ರಲ್ಲಿ ಅಮೆರಿಕದ ವೃತ್ತಿಪರ ಟೂರಿನಲ್ಲಿ ಮೊದಲ ಪ್ರಶಸ್ತಿ ಗೆದ್ದ. 2019ರಲ್ಲಿ ಮೇಜರ್ ಎನ್ನುವ ದೊಡ್ಡ ಪಂದ್ಯಾವಳಿಗಳಲ್ಲಿ ತನ್ನ ಹನ್ನೊಂದನೆಯದನ್ನು ಗೆದ್ದು, ಅರ್ಲ್ ಆಂಥೋನಿ ಮತ್ತು ಪೀಟ್ ವೆಬರ್ ಹಂಚಿಕೊಂಡಿದ್ದ ಹತ್ತರ ದಾಖಲೆ ಮುರಿದ. ಈಗ ಅವನ ಲೆಕ್ಕ 15. ಫಿನ್ಲೆಂಡಿನ ಓಸ್ಕು ಪಲೆರ್ಮಾ ಎಂಬ ಇನ್ನೊಬ್ಬ ಕೂಡ ಅದೇ ಕಾಲದಲ್ಲಿ ಇದೇ ದಾರಿ ಹಿಡಿದವನು. ಇಬ್ಬರೂ ದೊಡ್ಡವರ ಮಾತು ಕೇಳದ ಮಕ್ಕಳು. ನಮ್ಮ ಕಾಲದ ಮೇಷ್ಟ್ರುಗಳ ಕೈಗೆ ಸಿಕ್ಕಿದ್ದರೆ ಇಬ್ಬರಿಗೂ ಗೆಣ್ಣಿನ ಮೇಲೆ ಏಟು ಬಿದ್ದು, ಜಗತ್ತಿಗೆ ಇಬ್ಬರು ಸಾಧಾರಣ ಬೌಲರುಗಳು ಸಿಗುತ್ತಿದ್ದರು.

ಗುರುವಿನ ಬಿಂಬವನ್ನು ಮುಂದಿಟ್ಟುಕೊಂಡು ವಿದ್ಯೆ ಕಲಿತವನು ಏಕಲವ್ಯ. ನನ್ನದೂ ಹಾಗೆಯೇ, ಮಣ್ಣಿನ ಬದಲು ಫೋನಿನ ಪರದೆ. ಅವನು ವಿದ್ಯೆ ಕಲಿತ ಮೇಲೆ ಹೆಬ್ಬೆರಳು ಕೊಟ್ಟ, ನಾನು ಕಲಿಯುವ ಮೊದಲೇ ಕೊಟ್ಟೆ. ಅಷ್ಟರಲ್ಲಿ ಇನ್ನೊಂದು ಗ್ರಹಚಾರ ಎದುರಾಯಿತು. ಅಮೆರಿಕದ ಬೌಲಿಂಗ್ ಕಾಂಗ್ರೆಸ್ಸಿನ ನಿಯಮ 2020ರ ಆಗಸ್ಟಿನಿಂದ ಬದಲಾಗಿದೆ: ಎಸೆಯುವಾಗ ಬೆರಳಿಡದ ತೂತು ಚೆಂಡಿನಲ್ಲಿ ಇರಕೂಡದು. ನನ್ನ ಹಳೆಯ ಚೆಂಡಿನಲ್ಲಿ ಹೆಬ್ಬೆರಳಿನ ತೂತು ಬಾಯ್ದೆರೆದುಕೊಂಡು ಕೂತಿತ್ತು. ಅಂಗಡಿಗೆ ಒಯ್ದು ಅದಕ್ಕೆ ರಾಳ ತುಂಬಿಸಿ, ಉಜ್ಜಿಸಿ ಮುಚ್ಚಿಸಬೇಕಾಯಿತು. ದ್ರೋಣಾಚಾರ್ಯರು ಎಷ್ಟೇ ಕಟುಕರಾದರೂ ಬಿಲ್ಲಿನಲ್ಲಿ ಹೆಬ್ಬೆರಳಿಟ್ಟ ಜಾಗವನ್ನೂ ಮುಚ್ಚಿಸು, ಅದರ ಖರ್ಚೂ ನಿನ್ನದೇ ಎಂದಿರಲಿಲ್ಲ.

ಎರಡು ಕೈಯ ಶೈಲಿ ಎಂದರೆ ಕಲ್ಲು ಎತ್ತಿಹಾಕಿದ ಹಾಗೆ ಎಂದುಕೊಂಡರೆ ಮೋಸ. ಬಲಗೈಯ ಎರಡು ಬೆರಳು ಚೆಂಡಿನೊಳಗೆ, ಎಡಗೈ ಚೆಂಡಿನ ಮೇಲೆ ಸುಮ್ಮನೆ ಆನಿಸಿರಬೇಕು. ಬೆನ್ನು ಮುಂದಕ್ಕೂ ಬಾಗಬೇಕು, ಬಲಕ್ಕೂ ವಾಲಬೇಕು. ಕೊನೆಯ ಹೆಜ್ಜೆಗೆ ಮುಂಚೆ ಸಣ್ಣಗೆ ಕುಪ್ಪಳಿಸಬೇಕು. ಚೆಂಡು ಕೈಬಿಡುವ ಹೊತ್ತಿಗೆ ಎಡಗೈ ಸದ್ದಿಲ್ಲದೆ ಸರಿದುಹೋಗಿ, ಬಲಗೈಯ ಎರಡು ಬೆರಳು ಅದನ್ನು ಗಿರ್ರನೆ ತಿರುಗಿಸಬೇಕು. ಇಷ್ಟನ್ನೂ ನಾನು ಗ್ಯಾರೇಜಿನಲ್ಲಿ ಚೆಂಡಿಲ್ಲದೆ ಅಭ್ಯಾಸ ಮಾಡುತ್ತಿದ್ದಾಗ ನಮ್ಮಾಕೆ ಬಾಗಿಲಲ್ಲಿ ಬಂದು ನಿಂತಳು. "ಏನ್ರೀ, ಕಾರಿನ ಕೆಳಗೆ ಏನು ಬಿತ್ತು?" ಎಂದಳು. ಏನೂ ಇಲ್ಲ, ಶೈಲಿ ಎಂದೆ. "ಬೆನ್ನು ಹಿಡ್ಕೊಂಡ್ರೆ ಅಲ್ಲಿಂದಲೇ ಕೂಗಿ, ನೀವಾಗಿ ಏಳೋಕ್ಕೆ ಹೋಗಬೇಡಿ" ಎಂದು ಒಳಗೆ ಹೋದಳು.

ಈ ಗಿರ್ರೆನ್ನುವುದರಲ್ಲೇ ಇಡೀ ಮರ್ಮವಿದೆ. ಹೆಬ್ಬೆರಳಿನ ಅಡ್ಡಿಯಿಲ್ಲದೆ, ಎಡಗೈಯ ಆಸರೆಯಿಂದ ಬೆರಳುಗಳು ಕೊನೆಯ ಗಳಿಗೆಯವರೆಗೂ ಚೆಂಡಿನ ಅಡಿಯಲ್ಲೇ ಇರುತ್ತವೆ. ನುರಿತವರು ಹೀಗೆ ನಿಮಿಷಕ್ಕೆ 500 ಸುತ್ತಿನ ಮೇಲೆ ತಿರುಗಿಸುತ್ತಾರೆ. ಕಾರು ಕಂಪನಿಯಲ್ಲಿ ದುಡಿಯುವ ನನಗೆ ಇದು ಪರಿಚಿತ ಅಂಕಿ: ಸಿಗ್ನಲ್ಲಿನಲ್ಲಿ ನಿಂತ ಕಾರಿನ ಎಂಜಿನ್ನು ಹೆಚ್ಚುಕಮ್ಮಿ ಅಷ್ಟೇ ತಿರುಗುತ್ತದೆ. ಲೇನಿನ ಉದ್ದ ಪಿನ್ನಿನವರೆಗೆ 60 ಅಡಿ. ಮುಂಭಾಗಕ್ಕೆಲ್ಲ ಎಣ್ಣೆ ಸವರಿರುತ್ತಾರೆ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ಜಾಗ ಸಿಕ್ಕ ಕೂಡಲೇ ಕಚ್ಚಿಕೊಂಡು ಎಡಕ್ಕೆ ತಿರುಗುತ್ತದೆ. ಸುತ್ತು ಹೆಚ್ಚಿದಷ್ಟೂ ತಿರುವು ಹೆಚ್ಚು. ತಿರುಗಿ ಒಂದನೆಯ ಮತ್ತು ಮೂರನೆಯ ಪಿನ್ನಿನ ಸಂದಿಗೆ ಓರೆಯಾಗಿ ನುಗ್ಗಿತೆಂದರೆ ಹತ್ತೂ ಪಿನ್ನು ಚೆಲ್ಲಾಪಿಲ್ಲಿ, ಅದೇ ಸ್ಟ್ರೈಕು. ನೋಡಲು ಅದೊಂದು ಸೊಗಸು. ನನ್ನ ಚೆಂಡಿಗೂ ಸುತ್ತು ಬಂತು, ತಿರುವೂ ಬಂತು, ಎಲ್ಲಿ ತಿರುಗಬೇಕೆಂಬ ವಿವೇಕ ಮಾತ್ರ ಬರಲಿಲ್ಲ. ಬಹಳ ಸಲ ಎಡಗಡೆಯ ಮೋರಿಗೇ ಭಕ್ತಿಯಿಂದ ಹೋಗಿ ಬೀಳುತ್ತಿತ್ತು. ಬಲ ಮೂಲೆಯಲ್ಲಿ ಒಂಟಿಯಾಗಿ ಉಳಿಯುವ ಹತ್ತನೆಯ ಪಿನ್ನನ್ನಂತೂ ಅದು ತಿರುಗಿಯೂ ನೋಡುತ್ತಿರಲಿಲ್ಲ. ಅದಕ್ಕೆ ತಿರುಗದೆ ನೆಟ್ಟಗೆ ಹೋಗುವ ಪ್ಲಾಸ್ಟಿಕ್ ಚೆಂಡು ಬೇರೆ ಇರಬೇಕಂತೆ. ಕೊಂಡೆ. ಎರಡು ಕೈ ಆದ ಮೇಲೆ ಎರಡು ಚೆಂಡು. ಮನೆಯಲ್ಲಿ ಮೂರನೆಯದರ ಪ್ರಸ್ತಾಪ ಮಾಡಕೂಡದೆಂದು ಕಟ್ಟಪ್ಪಣೆಯಾಗಿದೆ.

ಲೀಗಿನಲ್ಲಿ ಹಿರಿಯರೊಬ್ಬರಿದ್ದಾರೆ, ಎಪ್ಪತ್ತು ದಾಟಿದವರು, ಇಂದಿಗೂ ಒಂದೇ ಕೈಯಲ್ಲಿ ಗಡಿಯಾರದ ಲೋಲಕದ ಹಾಗೆ ಚೆಂಡು ತೂಗಿ ಬಿಡುವವರು. ನನ್ನ ಹೊಸ ಶೈಲಿ ಕಂಡು ಅವರು, ಇದು ಮೋಸ, ಎರಡು ಕೈಗೆ ಬೇರೆ ಲೀಗು ಮಾಡಬೇಕು ಎಂದರು. ನಿಯಮದಲ್ಲಿ ಅಡ್ಡಿಯಿಲ್ಲ ಎಂದೆ. ನಿಯಮದ ಮಾತಲ್ಲ, ಮರ್ಯಾದೆಯ ಮಾತು ಎಂದರು. ಮರ್ಯಾದೆ ಎಂದ ಮೇಲೆ ನಾನು ಬಿಡುವುದುಂಟೇ? ನಮ್ಮ ಕಡೆ ಹಿರಿಯರಿಗೆ ಏನು ಕೊಡುವುದಿದ್ದರೂ ಎರಡು ಕೈಯಲ್ಲಿ ಕೊಡುವುದೇ ಮರ್ಯಾದೆ ಎಂದು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಊರಿನಿಂದ ಬಂದಿದ್ದ ಅಮ್ಮನನ್ನು ಒಂದು ಗುರುವಾರ ಜೊತೆಗೆ ಕರೆದೊಯ್ದಿದ್ದೆ. ಎಲ್ಲ ನೋಡಿ ಅಮ್ಮ ಕೇಳಿದ್ದು ಒಂದೇ: "ಅಷ್ಟು ಭಾರದ್ದನ್ನ ಇಷ್ಟು ವರ್ಷ ಒಂದು ಕೈಲಿ ಯಾಕೋ ಎತ್ತುತಿದ್ದೆ?" ಬೆಲ್ಮಾಂಟಿಯ ವಾದವನ್ನು ಇಷ್ಟು ಚೊಕ್ಕವಾಗಿ ಯಾವ ತರಬೇತುದಾರನ ಬಾಯಲ್ಲೂ ನಾನು ಕೇಳಿಲ್ಲ.

ಈಗ ಇನ್ನೊಂದು ರಗಳೆ. ನಮ್ಮ ಲೀಗಿನಲ್ಲಿ ಆಟದಲ್ಲಿ ಹಿಂದಿರುವವರಿಗೆ ಕೊಸರು ಕೊಡುವ ಪದ್ಧತಿಯಿದೆ. ಹ್ಯಾಂಡಿಕ್ಯಾಪ್ ಎನ್ನುತ್ತಾರೆ. 220ರಿಂದ ನಿಮ್ಮ ಸರಾಸರಿ ಕಳೆದು, ಉಳಿದದ್ದರಲ್ಲಿ ನೂರಕ್ಕೆ 90 ಪಾಲನ್ನು ಪ್ರತಿ ಆಟಕ್ಕೂ ಸೇರಿಸುತ್ತಾರೆ. ಸರಾಸರಿ 20 ಇಳಿದರೆ ಕೊಸರು 18 ಏರುತ್ತದೆ. ಶೈಲಿ ಬದಲಾದ ಮೇಲೆ ನನ್ನ ಸರಾಸರಿ ಧಾರಾಳವಾಗಿ ಇಳಿಯಿತು, ಕೊಸರು ಏರಿತು. ಆದರೆ ನಡುನಡುವೆ ಚೆಂಡಿಗೆ ಬುದ್ಧಿ ಬಂದು ಒಂದೇ ಸಮನೆ ಸ್ಟ್ರೈಕು ಬಿದ್ದ ಸಂಜೆ, ಕೊಸರೂ ಸೇರಿ ಎದುರಾಳಿಗಳು ನೆಲ ಕಚ್ಚುತ್ತಾರೆ. ಕೊಸರಿನ ಆಸೆಗೆ ಬೇಕಂತಲೇ ಕೆಟ್ಟದಾಗಿ ಆಡುತ್ತಾನೆ ಎಂದು ಎದುರು ತಂಡವೊಂದು ದೂರು ಕೊಟ್ಟಿದೆ. ಹೀಗೆ ಚೆನ್ನಾಗಿ ಆಡುವುದಕ್ಕೆ ಮೋಸ ಮಾಡುತ್ತೇನೆಂದು ಒಂದು ದೂರು, ಕೆಟ್ಟದಾಗಿ ಆಡುವುದಕ್ಕೆ ಮೋಸ ಮಾಡುತ್ತೇನೆಂದು ಇನ್ನೊಂದು. ಲೀಗಿನ ಕಾರ್ಯದರ್ಶಿ ಎರಡನ್ನೂ ಒಂದೇ ಕಡತದಲ್ಲಿಟ್ಟಿದ್ದಾರೆ. ನಮ್ಮ ತಂಡ ಸದ್ಯ ಪಟ್ಟಿಯಲ್ಲಿ ಎರಡನೆಯದು, ನಾನು ತಂಡದಲ್ಲಿ ಕೊನೆಯವನು, ಹಾಗಾಗಿ ಈ ಶೈಲಿಯನ್ನು ಬಿಡಕೂಡದೆಂದು ಕ್ಯಾಪ್ಟನ್ ಹೇಳಿದ್ದಾರೆ.