ಷಟರ್ ಮೀಮಾಂಸೆ

ಬೆಂಗಳೂರಿನ ನಗರಾಡಳಿತ ಕುರಿತ ಸಂಶೋಧನೆಗಳೆಲ್ಲ ಒಂದು ಮೂಲಭೂತ ದೋಷದಿಂದ ನರಳುತ್ತಿವೆ. ವಿದ್ವಾಂಸರು ಆಡಳಿತವನ್ನು ಹುಡುಕಿಕೊಂಡು ಸೀದಾ ಹಡ್ಸನ್ ವೃತ್ತದ ಪಾಲಿಕೆ ಕಚೇರಿಗೆ ಹೋಗಿಬಿಡುತ್ತಾರೆ. ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ; ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಐದು ವರ್ಷ ಕಳೆಯುವಷ್ಟರಲ್ಲಿ ಪಾಲಿಕೆಯೇ ಐದು ಹೋಳಾಯಿತು, ಅದರ ತಲೆಯ ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಕೂತಿತು. ಕಾರ್ಪೊರೇಟರ್ ಮಾತ್ರ ಬರಲಿಲ್ಲ. ಹಾಗಾದರೆ ಅಷ್ಟೂ ಕಾಲ ವಾರ್ಡಿನ ಕಲಾಪ ನಡೆದದ್ದೆಲ್ಲಿ? ಅರ್ಧ ಎತ್ತಿದ ಷಟರಿನ ಕೆಳಗೆ, ಬೆಳಗ್ಗೆ ಏಳೂವರೆಯಿಂದ ಎಂಟೂಕಾಲರೊಳಗೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಅಧ್ಯಯನದ ಕ್ಷೇತ್ರ ಬಸವನಗುಡಿ ಕಡೆಯ ಒಂದು ಅಡ್ಡರಸ್ತೆ. ಸಭೆಗೆ ಪ್ರಾವಿಜನ್ ಸ್ಟೋರಿನ ಶೆಟ್ಟರು ಅಧ್ಯಕ್ಷರು; ಸ್ಟೂಲುಗಳು ಅವರವಾದ್ದರಿಂದ ಈ ಹುದ್ದೆಗೆ ಅವಿಶ್ವಾಸ ಗೊತ್ತುವಳಿ ಮಂಡಿಸಲು ಬರುವುದಿಲ್ಲ. ಉಳಿದಂತೆ ಗ್ರಂದಿಗೆ ಅಂಗಡಿಯ ಹಿರಿಯರು, ಹಾಸನದ ಕಡೆಯ ಬೇಕರಿಯವರು, ಜೆರಾಕ್ಸ್ ಅಂಗಡಿಯ ಹುಡುಗ. ಹೂವಿನಮ್ಮನ ಸದಸ್ಯತ್ವ ವಿವಾದಾಸ್ಪದ. ಆಕೆಗೆ ಷಟರಿಲ್ಲ, ಹಾಗಾಗಿ ಮತವಿಲ್ಲ ಎಂಬುದು ಒಂದು ಪಂಥ. ಆದರೆ ಸಭೆಗೆ ಎಲ್ಲರಿಗಿಂತ ಮೊದಲು ಬರುವವಳೂ, ಕಸದ ಆಟೋ ಎಷ್ಟು ಹೊತ್ತಿಗೆ ಬಂತೆಂಬುದನ್ನು ಪ್ರಮಾಣಪೂರ್ವಕ ಹೇಳಬಲ್ಲವಳೂ ಆಕೆಯೊಬ್ಬಳೇ.

ಶಾಸ್ತ್ರದ ಮೊದಲ ಸೂತ್ರ ಹೀಗಿದೆ: ತನ್ನ ಮುಂದಿನ ಫುಟ್‌ಪಾತು ಅಂಗಡಿ, ಪಕ್ಕದವನ ಮುಂದಿನದು ಒತ್ತುವರಿ. ಇದರ ಮೇಲೆ ಬೇಕಾದಷ್ಟು ವ್ಯಾಖ್ಯಾನ ಬೆಳೆದಿದೆ. ಶೆಟ್ಟರ ಈರುಳ್ಳಿ ಮೂಟೆ, ನೀರಿನ ಕ್ಯಾನು, ಪೊರಕೆಯ ಕಟ್ಟು ಇವೆಲ್ಲ ಚಪ್ಪಡಿ ಕಲ್ಲಿನ ಮೇಲೆ ಕೂತಿರುವುದು ‘ಡಿಸ್‌ಪ್ಲೇ’. ಹೂವಿನಮ್ಮನ ಮೊರ ಅದೇ ಕಲ್ಲಿನ ಮೇಲೆ ಕೂತರೆ ‘ಜನ ಓಡಾಡೋದು ಹೆಂಗೆ ಸಾರ್?’ ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸ್ಥಾನ ಬೀದಿ ವ್ಯಾಪಾರಿಗಳಿಗೇ ಮೀಸಲು. ಈ ವಿಷಯವನ್ನು ಪ್ರಬಂಧಕಾರ ಸಭೆಯಲ್ಲಿ ಪ್ರಸ್ತಾಪಿಸಿದಾಗ ಶೆಟ್ಟರು ಒಂದು ಗಳಿಗೆ ಮೌನವಾಗಿದ್ದು, ‘ಅವರಿಗೆ ಕೊಡ್ಲಿ, ಬೇಡ ಅನ್ನಲ್ಲ. ಇಲ್ಲಿ ಬೇಡ ಅಷ್ಟೆ’ ಎಂದರು. ನಗರ ಯೋಜನೆಯ ಇತಿಹಾಸವನ್ನೆಲ್ಲ ಇಷ್ಟು ಸಂಗ್ರಹವಾಗಿ ಹೇಳಿದ ಇನ್ನೊಂದು ವಾಕ್ಯ ನನ್ನ ಗಮನಕ್ಕೆ ಬಂದಿಲ್ಲ.

ಪಾರ್ಕಿಂಗ್ ಪ್ರಕರಣವೂ ಇದೇ ಸೂತ್ರದ ಶಾಖೆ. ಗಾಂಧಿ ಬಜಾರಿನ ರಸ್ತೆಯನ್ನು ಕಾಲ್ನಡಿಗೆಯವರಿಗೆಂದು ಹೊಸದಾಗಿ ರೂಪಿಸಹೊರಟಾಗ ಅಲ್ಲಿನ ವರ್ತಕರು ಗಾಡಿ ನಿಲ್ಲಿಸಲು ಜಾಗವಿಲ್ಲದೆ ಗಿರಾಕಿಗಳು ಬರುವುದಿಲ್ಲವೆಂದು ಆಕ್ಷೇಪಿಸಿದ್ದರು. ನಮ್ಮ ಸಭೆ ಅವರಿಗೆ ಸರ್ವಾನುಮತದ ಬೆಂಬಲ ಘೋಷಿಸಿತು. ಅದೇ ವೇಳೆ ಬೀದಿಯಲ್ಲಿ ಯಾವ ಗಿರಾಕಿಗೂ ಜಾಗವಿರಲಿಲ್ಲ. ಬೆಳಗ್ಗೆ ಏಳಕ್ಕೇ ನಾಲ್ಕೂ ಸದಸ್ಯರ ಸ್ಕೂಟರುಗಳು ಅಂಗಡಿ ಮುಂದೆ ಸೈಡ್ ಸ್ಟ್ಯಾಂಡ್ ಹಾಕಿ ನಿಂತಿದ್ದವು, ರಾತ್ರಿ ಒಂಬತ್ತರವರೆಗೆ.

ಎರಡನೆಯ ಸೂತ್ರ: ರಸ್ತೆ ಏರುವುದು, ಅಂಗಡಿ ಇಳಿಯುವುದು. ಗ್ರಂದಿಗೆ ಅಂಗಡಿಯ ಹಿರಿಯರು ಇದಕ್ಕೆ ಪ್ರತ್ಯಕ್ಷ ಪ್ರಮಾಣ ಒದಗಿಸುತ್ತಾರೆ. ಅವರ ತಂದೆಯ ಕಾಲದಲ್ಲಿ ಅಂಗಡಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೇ ಡಾಂಬರು ಹಾಕುತ್ತ ಬಂದದ್ದರಿಂದ ಈಗ ಒಂದು ಮೆಟ್ಟಿಲು ಇಳಿಯಬೇಕು. ಹೊಸ್ತಿಲಿಗೆ ಅಡ್ಡಲಾಗಿ ಎರಡು ಸಾಲು ಇಟ್ಟಿಗೆಯ ಪುಟ್ಟ ಅಣೆಕಟ್ಟು. ಅದರ ಬೆನ್ನಿಗೆ ಮಡಿಸಿಟ್ಟ ಗೋಣಿಚೀಲ. ಒಳಗೆ ಕೊಬ್ಬರಿ, ಅಂಟುವಾಳ, ಅರಿಸಿನದ ಕೊಂಬಿನ ಮೂಟೆಗಳೆಲ್ಲ ಹಲಗೆಯ ಮೇಲೆ. ಮೇ ತಿಂಗಳ ಒಂದು ಸಂಜೆ ಮಳೆ ಹಿಡಿದರೆ ಹಿರಿಯರು ವ್ಯಾಪಾರ ಬಿಟ್ಟು ಗೋಣಿಚೀಲವನ್ನೇ ನೋಡುತ್ತ ಕೂರುತ್ತಾರೆ. ಇಷ್ಟಾದ ಮೇಲೆ ಜಲಮಂಡಳಿಯವರು ಅಗೆಯುತ್ತಾರೆ, ಅವರು ಮುಚ್ಚಿದ ವಾರಕ್ಕೆ ಕೇಬಲ್ಲಿನವರು ಅಗೆಯುತ್ತಾರೆ. ಆದರೂ ರಸ್ತೆಯ ಮಟ್ಟ ಇಳಿಯುವುದಿಲ್ಲ. ಅಗೆದಷ್ಟೂ ಏರುವ ಈ ದ್ರವ್ಯದ ಗುಣಧರ್ಮವನ್ನು ಭೌತವಿಜ್ಞಾನಿಗಳು ವಿವರಿಸಬೇಕು.

ಈ ಶಾಸ್ತ್ರದ ಅತ್ಯಂತ ಗಹನವಾದ ಭಾಗ ಮಾತ್ರ 2025ರ ಜುಲೈ ತಿಂಗಳದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬುದು ಇಲಾಖೆಯ ಸಿದ್ಧಾಂತ. ಇಲ್ಲಿ ತತ್ತ್ವಶಾಸ್ತ್ರದ ಹಳೆಯ ಜಗಳವೊಂದು ಹೊಸ ವೇಷದಲ್ಲಿ ಎದ್ದು ಬಂತು. ಕ್ಯೂಆರ್ ಕೋಡು ಶುದ್ಧ ಅದ್ವೈತಿ. ಅದಕ್ಕೆ ಬ್ರೆಡ್ಡು, ರಸ್ಕು, ಕೇಕು, ಭಾವಮೈದುನ ವಾಪಸು ಕೊಟ್ಟ ಕೈಸಾಲ, ಚೀಟಿ ದುಡ್ಡು ಎಲ್ಲವೂ ಒಂದೇ. ನಾಮರೂಪಗಳು ಮಿಥ್ಯೆ, ಮೊತ್ತವೊಂದೇ ಸತ್ಯ. ಜಿಎಸ್‌ಟಿ ಕಾಯ್ದೆಯೋ ಕಡುದ್ವೈತಿ: ಆಗಿನ ದರದಂತೆ ಬ್ರೆಡ್ಡಿಗೆ ತೆರಿಗೆಯೇ ಇಲ್ಲ, ಅದನ್ನೇ ಕೊಯ್ದು ಸುಟ್ಟು ರಸ್ಕ್ ಮಾಡಿದರೆ ಶೇ. 5, ಕೇಕಿಗೆ ಶೇ. 18. ಇವರಿಬ್ಬರ ನಡುವೆ ಸಿಕ್ಕಿಬಿದ್ದ ಬೇಕರಿಯವರು, ‘ಮೊತ್ತ ಒಂದೇ ಇರಬಹುದು ಸ್ವಾಮಿ, ಅದರೊಳಗೆ ನಮ್ಮ ಅಕ್ಕನ ಮಗಳ ಮದುವೆ ದುಡ್ಡೂ ಸೇರಿದೆಯಲ್ಲ’ ಎಂದು ಮೂರನೆಯ ಮತವೊಂದನ್ನು ಸ್ಥಾಪಿಸಿದರು. ಬೋರ್ಡಿನಲ್ಲಿ ‘ಅಯ್ಯಂಗಾರ್ ಬೇಕರಿ’ ಎಂದಿರುವಾಗ ವಿಶಿಷ್ಟಾದ್ವೈತ ಅನಿವಾರ್ಯ.

ಮರುದಿನವೇ ಬೀದಿಯುದ್ದಕ್ಕೂ ‘ನೋ ಯುಪಿಐ, ಓನ್ಲಿ ಕ್ಯಾಶ್’ ಚೀಟಿಗಳು ಹತ್ತಿದವು. ಶೆಟ್ಟರು ಅದನ್ನು ಕ್ಯೂಆರ್ ಸ್ಟಿಕ್ಕರಿನ ಮೇಲೇ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು, ಆದರೆ ಮೇಲಂಚಿಗೆ ಮಾತ್ರ. ಪರಿಚಿತ ಗಿರಾಕಿ ಬಂದರೆ ಚೀಟಿಯನ್ನು ಕಿಟಕಿಯ ಪರದೆಯಂತೆ ಎತ್ತಿ ಹಿಡಿಯುವರು. ಇಡೀ ಬೀದಿಗೆ ಆ ಚೀಟಿಗಳನ್ನು ಪ್ರಿಂಟ್ ಹಾಕಿಕೊಟ್ಟದ್ದು ಜೆರಾಕ್ಸ್ ಹುಡುಗ. ಒಂದಕ್ಕೆ ಐದು ರೂಪಾಯಿ. ಚಿಲ್ಲರೆ ಇಲ್ಲವೆಂದು ಎಲ್ಲರೂ ಫೋನ್‌ಪೇ ಮಾಡಿದರು. ಜುಲೈ 25ರ ಬಂದ್‌ಗೆ ಸಭೆ ತಯಾರಾಗಿತ್ತು. ಅಷ್ಟರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಜತೆ ವರ್ತಕರ ಮಾತುಕತೆಯಾಗಿ, ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂಬ ಭರವಸೆ ಸಿಕ್ಕಿ ಬಂದ್ ಬಿದ್ದುಹೋಯಿತು. ಚೀಟಿ ಕೆಲವು ದಿನ ಹಾಗೇ ಇತ್ತು, ಆಮೇಲೆ ಯಾರೋ ಅದರ ಹಿಂದೆ ಬೇಳೆ ಲೆಕ್ಕ ಬರೆದರು.

ಫಲಕದ ಶೇ. 60 ಭಾಗ ಕನ್ನಡವಿರಬೇಕೆಂಬ ನಿಯಮದ ಚರ್ಚೆ ಇದಕ್ಕಿಂತ ಹಿಂದಿನದು, 2024ರ ಆರಂಭದ್ದು. ಕನ್ನಡದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಫೋನ್ ನಂಬರನ್ನು ಯಾವ ಭಾಷೆಗೆ ಜಮಾ ಮಾಡಬೇಕು ಎಂಬುದೊಂದೇ ತೊಡಕು. ಜೆರಾಕ್ಸ್ ಹುಡುಗ ಸ್ಕೇಲ್ ಹಿಡಿದು ಎಲ್ಲರ ಬೋರ್ಡನ್ನೂ ಅಳೆದ. ಶೆಟ್ಟರದು ಪೂರ್ತಿ ಕನ್ನಡ. ಅವರಪ್ಪ ಬರೆಸಿದ್ದು, ಬಣ್ಣ ಮಾಸಿ ಓದಲು ಬರುತ್ತಿರಲಿಲ್ಲ.

ಕಸದ ವಿಷಯದಲ್ಲಂತೂ ಸಭೆ ಸರ್ಕಾರಕ್ಕಿಂತ ಬಹಳ ಮುಂದಿತ್ತು. 2025ರ ಅಕ್ಟೋಬರ್‌ನಲ್ಲಿ ಬೀದಿಯಲ್ಲಿ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿಯುವ ಅಭಿಯಾನವನ್ನು ಅಧಿಕಾರಿಗಳು ಕೈಗೊಂಡಾಗ ನಗರವೆಲ್ಲ ಬೆರಗಾಯಿತು. ನಮ್ಮ ಬೀದಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಯಾರದೆಂದು ಗೊತ್ತಿಲ್ಲದ ಕಸದ ಚೀಲ ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಕಾಲಿನಿಂದ ಒಂದಂಗಡಿ ಮುಂದಕ್ಕೆ ಸರಿಯುವುದು ಇಲ್ಲಿಯ ಸಂಪ್ರದಾಯ. ಕೊನೆಗೆ ಅದು ಹೂವಿನಮ್ಮನ ಜಾಗ ತಲಪುತ್ತದೆ, ಬೆಳಗ್ಗೆ ಆಕೆ ಎತ್ತಿ ಆಟೋಗೆ ಹಾಕುತ್ತಾಳೆ. ಸಭೆಯ ದಾಖಲೆಯಲ್ಲಿ ಇದು ‘ಕಸದ ಸಮಸ್ಯೆ ಬಗೆಹರಿದಿದೆ’ ಎಂದು ನಮೂದಾಗಿದೆ.

ಸಭೆ ಮುಗಿಯುವ ವಿಧಾನಕ್ಕೂ ಒಂದು ಸೂತ್ರವುಂಟು: ಗಿರಾಕಿ ಬಂದಲ್ಲಿಗೆ ಗೊತ್ತುವಳಿ ಅಂಗೀಕಾರ. ಅರ್ಧ ಲೀಟರ್ ಹಾಲು ಕೇಳಿಕೊಂಡು ಒಬ್ಬ ಹುಡುಗ ಬಂದರೆ ಸಾಕು, ನಗರದ ಚರಂಡಿ ವ್ಯವಸ್ಥೆ ಅಲ್ಲಿಗೆ ನಿಂತು ಅಧ್ಯಕ್ಷರು ಏಳುತ್ತಾರೆ.

ಪ್ರಸ್ತುತ ಸಂಶೋಧನೆಗೆ ಯಾವ ವಿಶ್ವವಿದ್ಯಾಲಯವೂ ಧನಸಹಾಯ ನೀಡಿಲ್ಲ. ಶೆಟ್ಟರು ಉದ್ರಿ ನೀಡಿದ್ದಾರೆ. ಹೀಗಾಗಿ ಸ್ಕೂಟರುಗಳ ಕುರಿತ ಮೇಲಿನ ವಾಕ್ಯವನ್ನು ಅವರು ಪರಿಷ್ಕರಿಸಬಯಸಿದರೆ ಪ್ರಬಂಧಕಾರನ ಅಭ್ಯಂತರವಿಲ್ಲ. ಕಳೆದ ತಿಂಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.