ಊರಿಗೆ ಹೋಗಿ ಕಾಗದ ಬರೀತೀವಿ

ಕೆನಡಾದ ಬ್ರಾಂಪ್ಟನ್ನಿನಲ್ಲಿ ವಿಕ್ಟೋರಿಯಾ ಡೇ ಕಳೆಯೋವರೆಗೆ ಸಸಿ ನೆಡಬೇಡಿ ಅಂತಾರೆ. ಮೇ ಮೂರನೇ ವಾರದವರೆಗೂ ಯಾವ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಮೆಣಸಿನ ಗಿಡ ಸುಟ್ಟ ಹಾಗಾಗುತ್ತೋ ಹೇಳೋಕಾಗಲ್ಲ. ಹಾಗಾಗಿ ಆ ಸೋಮವಾರದ ರಜೆ ದಾಟಿದ ಮೇಲೇ ನಾನು ಹಿತ್ತಲಿಗೆ ಇಳಿಯೋದು. ಈ ಸಲ ಮೆಂತ್ಯದ ಮಡಿ ಮಾಡ್ತಾ ಕೂತಿದ್ದೆ, ಮರದ ಬೇಲಿಯ ಆ ಕಡೆಯಿಂದ "ಅಕ್ಕಾರ" ಅಂತ ದನಿ ಬಂತು. ಪಕ್ಕದ ಮನೆಯ ಬೇಸ್‌ಮೆಂಟಿಗೆ ಚಳಿಗಾಲದಲ್ಲಿ ಬಾಡಿಗೆಗೆ ಬಂದ ಹಾವೇರಿ ಕಡೆಯ ಹುಡುಗ. ಕೈಯಲ್ಲಿ ಐದು ಹಾಳೆ.

"ನಲವತ್ತು ಕಡೆ ಹಾಕೇನ್ರಿ, ಒಬ್ರೂ ಫೋನ್ ಮಾಡವಲ್ರು. ಸ್ವಲ್ಪ ನೋಡ್ರಿ ಅಕ್ಕಾರ."

ಕೈ ಒರೆಸಿಕೊಂಡು ಇಸ್ಕೊಂಡೆ. ಅದನ್ನ ರೆಸ್ಯೂಮೆ ಅನ್ನೋದಕ್ಕಿಂತ ಬಯೋಡೇಟಾ ಅನ್ನೋದೇ ಸರಿ. ಬಲಗಡೆ ಮೇಲೆ ನೀಲಿ ಹಿನ್ನೆಲೆಯ ಫೋಟೊ. ತಂದೆಯ ಹೆಸರು, ಹುಟ್ಟಿದ ತಾರೀಖು, ಅವಿವಾಹಿತ, ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 84, ಪಿಯುಸಿಯಲ್ಲಿ 71, ಓದಲು ಬರೆಯಲು ಮಾತಾಡಲು ಬರುವ ಭಾಷೆಗಳು, ಹವ್ಯಾಸ ಕ್ರಿಕೆಟ್. ಕೊನೆಗೆ ಮೇಲಿನದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಅನ್ನೋ ಪ್ರಮಾಣ, ಸ್ಥಳ, ದಿನಾಂಕ, ಸಹಿ. ರಾಶಿ ನಕ್ಷತ್ರ ಗೋತ್ರ ಸೇರಿಸಿದ್ದರೆ ಹೆಣ್ಣಿನ ಮನೆಗೇ ಕಳಿಸಬಹುದಿತ್ತು. ನಮ್ಮಲ್ಲಿ ಮದುವೆಗೂ ಕೆಲಸಕ್ಕೂ ಬಯೋಡೇಟಾ ಅಂತ ಒಂದೇ ಪದ ಇಟ್ಟುಕೊಂಡಿದ್ದೀವಲ್ಲ, ಯೋಚಿಸಿದರೆ ಚೆನ್ನಾಗೇ ಇದೆ, ಅಲ್ವಾ?

ಅದನ್ನ ನೋಡಿ ನನಗೆ ಶಿವಮೊಗ್ಗ ನೆನಪಾಯಿತು. ಬಿ.ಕಾಂ. ಮುಗಿಸಿದ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ, ಮಧ್ಯೆ ಕಾರ್ಬನ್ ಇಟ್ಟು, ಮೂರು ಪ್ರತಿ ಹೊಡೆಸಿಕೊಂಡು ಬರ್ತಿದ್ದೆ. ಮೂರನೇ ಪ್ರತಿಯಲ್ಲಿ ಅಕ್ಷರ ಮಂಜಾಗಿರೋದು. ಅದು ಯಾವ ಕಚೇರಿಗೆ ಹೋಯಿತೋ ಆ ಕೆಲಸ ಸಿಗಲ್ಲ ಅಂತ ನಮ್ಮೊಳಗೆ ಒಂದು ನಂಬಿಕೆ. ಆಮೇಲೆ ಅಂಕಪಟ್ಟಿಗಳಿಗೆ ಗೆಜೆಟೆಡ್ ಆಫೀಸರ್ ಸಹಿ ಬೇಕು. ಅವರು ಆಫೀಸಿನಿಂದ ಬಂದು ಕಾಫಿ ಕುಡಿಯೋವರೆಗೆ ಜಗಲಿ ಮೇಲೆ ಕಾಯೋದು. ಹಸಿರು ಶಾಯಿಯಲ್ಲಿ ಸಹಿ ಬಿದ್ದು ಸೀಲು ಒತ್ತಿದ ಮೇಲೆ ಕೆಲಸವೇ ಸಿಕ್ಕಷ್ಟು ಸಂತೋಷ. ಹಾಗೆ ಬೆಳೆದವರಿಗೆ ಸಹಿ ಇಲ್ಲದ ಕಾಗದವನ್ನ ಯಾರಿಗಾದರೂ ಕೊಡೋಕೆ ಮನಸ್ಸು ಬರುತ್ತಾ ಹೇಳಿ?

ಇಲ್ಲಿ ಮಾತ್ರ ಅವೆಲ್ಲ ಬೇಡ. ಒಂಟಾರಿಯೊದ ಮಾನವ ಹಕ್ಕುಗಳ ಕಾಯ್ದೆ 1962ರದು. ವಯಸ್ಸು, ಮದುವೆ, ಧರ್ಮ, ಹುಟ್ಟಿದ ನೆಲ, ಇವುಗಳ ಮೇಲೆ ಕೆಲಸ ಕೊಡೋದನ್ನ ಬಿಡೋದನ್ನ ತೀರ್ಮಾನ ಮಾಡಬಾರದು. ಅವರು ಕೇಳಬಾರದ್ದನ್ನ ನಾವೇ ಫೋಟೊ ಸಮೇತ ಹೇಳಿಬಿಟ್ಟರೆ ತಗೊಳ್ಳೋವರಿಗೇ ಕಸಿವಿಸಿ. ಎಸ್ಸೆಸ್ಸೆಲ್ಸಿ ಅಂಕ ಅಳಿಸಿ ಅಂದಾಗ ಹುಡುಗನ ಮುಖ ಸಣ್ಣಗಾಯಿತು. ಪಾಪ, 84 ಅಂದರೆ ಕಡಿಮೆಯಾ? ಊರಲ್ಲಿ ಪೇಡಾ ಹಂಚಿದ ಅಂಕ.

ಐದು ಹಾಳೆಯನ್ನ ಎರಡಕ್ಕೆ ಇಳಿಸೋಕೆ ಕೂತೆವು. ನಾನು ಈ ಕಡೆ, ಅವನು ಆ ಕಡೆ, ಬೇಲಿಯ ಪಟ್ಟಿ ಮೇಲೆ ಹಾಳೆ. ಮೊದಲು ಸಿಕ್ಕಿದ್ದು 2016ರಲ್ಲಿ ಕಾಲೇಜಿನಿಂದ ‘ಪಾಸ್ಡ್ ಔಟ್’. ನಮಗೆ ಅದು ತೇರ್ಗಡೆ, ಇಲ್ಲಿಯವರಿಗೆ ಅದು ಪ್ರಜ್ಞೆ ತಪ್ಪಿ ಬೀಳೋದು. ಓದಿದವರು ಈ ಹುಡುಗ ಕಾಲೇಜು ಬಾಗಿಲಲ್ಲೇ ಬಿದ್ದ ಅಂದುಕೊಳ್ಳಬೇಕು. ಇನ್ನೊಂದು ಕಡೆ ‘3 ಕೋಟಿಯ ಕಾಮಗಾರಿ’. ಕೋಟಿ ಇಲ್ಲಿ ಯಾರಿಗೂ ಅರ್ಥವಾಗಲ್ಲ, 30 ಮಿಲಿಯನ್ ಅಂತ ಬರೀಬೇಕು, ರೂಪಾಯಿ ಅನ್ನೋದನ್ನ ಮರೆಯದೆ. ಕಾಗದದ ಅಳತೆ ಕೂಡ ಬೇರೆ. ನಮ್ಮದು ಎ4, ಇಲ್ಲಿಯದು ಲೆಟರ್ ಸೈಜು, ಎ4ಗಿಂತ ಒಂದೂಮುಕ್ಕಾಲು ಸೆಂಟಿಮೀಟರ್ ಗಿಡ್ಡ. ಊರಿನ ಅಳತೆಯಲ್ಲೇ ಇಲ್ಲಿ ಪ್ರಿಂಟ್ ತೆಗೆದದ್ದಕ್ಕೆ ಅವನ ಸಹಿಯೊಂದೇ ಐದನೇ ಹಾಳೆಗೆ ಹೋಗಿ ಒಂಟಿಯಾಗಿ ಕೂತಿತ್ತು.

ಇವೆಲ್ಲ ಸಣ್ಣ ಪುಟ್ಟವು ಬಿಡಿ, ಅರ್ಧ ಗಂಟೆಯ ಕೆಲಸ. ತೊಡಕು ಬಂದದ್ದು ‘ನಾವು’ ಅನ್ನೋದರಲ್ಲಿ.

ವರದಾ ನದಿಗೆ ಕಟ್ಟಿದ ಒಂದು ಬಾಂದಾರದ ವಿಷಯ ಬರೆದಿದ್ದ. ನಮ್ಮ ತಂಡ ಈ ನಿರ್ಮಾಣದಲ್ಲಿ ಭಾಗವಹಿಸಿತ್ತು, ಇಷ್ಟೇ ಸಾಲು. ಕೇಳಿದೆ.

"ದಿನಾ ಸೈಟಿನಲ್ಲಿ ನಿಂತು ಅಳತೆ ತಗೊಳ್ತಿದ್ದವರು ಯಾರಪ್ಪಾ?"

"ನಾನ ರೀ."

"ಮಳೆ ಬಂದಾಗ ಕಾಂಕ್ರೀಟ್ ಹಾಕೋದು ನಿಲ್ಲಿಸಿ ಅಂದವರು?"

"ನಾನ ರೀ. ಕಾಂಟ್ರ್ಯಾಕ್ಟರ್ ಸಿಟ್ಟಾದ್ರು, ಆದ್ರೂ ನಿಲ್ಲಿಸಿದ್ನಿ."

"ಎಷ್ಟು ಆಳು ನಿನ್ನ ಕೆಳಗೆ?"

"ಅರವತ್ತು ಮಂದಿ."

"ಮತ್ತೆ ಅದನ್ನ ಯಾಕೆ ಬರೀಲಿಲ್ಲ?"

"ಹಂಗ ಬರದ್ರ ಬಡಾಯಿ ಅನ್ನಂಗಿಲ್ಲೇನ್ರಿ?"

ಇದಕ್ಕೆ ನಾನು ತಕ್ಷಣ ಏನೂ ಹೇಳೋಕಾಗಲಿಲ್ಲ. ಒಬ್ಬನೇ ಮಗನಾದರೂ ‘ನಮ್ಮಮ್ಮ’ ಅನ್ನೋ ಜನ ನಾವು. ಮನೆ ತಾನೇ ಕಟ್ಟಿಸಿದ್ದರೂ ‘ಏನೋ, ದೇವರ ದಯೆಯಿಂದ ಆಯಿತು’ ಅಂತೀವಿ. ‘ನಾನು ಮಾಡಿದೆ’ ಅಂತ ಬರೀವಾಗ ಕೈ ಹಿಡಿದಂತಾಗುತ್ತೆ. ಆದರೆ ಒಂದು ತಮಾಷೆ ಗೊತ್ತಾ? ಇಂಗ್ಲಿಷ್ ರೆಸ್ಯೂಮೆಯಲ್ಲೂ ‘ನಾನು’ ಇರಲ್ಲ. ಸಾಲು ಕ್ರಿಯಾಪದದಿಂದಲೇ ಶುರು. ಕನ್ನಡದಲ್ಲೂ ಹಾಗೇ ತಾನೇ? ‘ಅಳೆದೆ, ನಿಲ್ಲಿಸಿದೆ, ಕಟ್ಟಿಸಿದೆ’ ಅಂದರೆ ಸಾಕು, ‘ನಾನು’ ಅದರೊಳಗೇ ಸೇರಿಕೊಂಡಿರುತ್ತೆ. ಹಾಗಂತ ಹೇಳಿದೆ. ಹುಡುಗನಿಗೆ ಅದು ಹಿಡಿಸಿತು. ಮೊದಲು ಕನ್ನಡದಲ್ಲಿ ಬರಿ, ನಿಮ್ಮೂರ ಮಾತಿನಲ್ಲೇ ಬರಿ, ಆಮೇಲೆ ಇಂಗ್ಲಿಷಿಗೆ ತಿರುಗಿಸೋಣ ಅಂದೆ. ಎರಡು ದಿನ ಬಿಟ್ಟು ತಂದ. ಏಳೆಂಟು ಸಾಲು, ಒಂದೊಂದೂ ನಿಂತು ಮಾಡಿದ ಕೆಲಸ. ಕಾಂಕ್ರೀಟ್ ಕ್ಯೂಬುಗಳನ್ನ 7ನೇ ದಿನ ಮತ್ತೆ 28ನೇ ದಿನ ಒಡೆದು ಪರೀಕ್ಷೆ ಮಾಡಿದ್ದನ್ನೂ ಬರೆದಿದ್ದ. ಇದೇ ಕೊನೆಗೆ ಅವನ ಕೈ ಹಿಡೀತು, ಹೇಳ್ತೀನಿ ಇರಿ.

ಅದಕ್ಕೆ ಮೊದಲು ಹೆಸರಿನ ಕತೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಡ್ಡಹೆಸರೇ ಇಲ್ಲ. ಮೊದಲ ಇನಿಷಿಯಲ್ ಊರು, ಎರಡನೆಯದು ಅಪ್ಪ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದರೆ ಊರು, ತಂದೆ, ಮಗ ಮೂವರೂ ಒಟ್ಟಿಗೆ ಬಂದ ಹಾಗೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂತ ಒಂದು ಖಾನೆ ಇರುತ್ತಲ್ಲ, ಅದನ್ನ ಖಾಲಿ ಬಿಡೋಕೆ ಭಯವಾಗಿ ಅಪ್ಪನ ಹೆಸರು ತುಂಬಿಸಿರ್ತಾರೆ. ಈ ಹುಡುಗನದೂ ಅದೇ. ಇಲ್ಲಿಯ ಬ್ಯಾಂಕು, ಆಸ್ಪತ್ರೆ, ಎಲ್ಲ ಕಡೆ ಅವನನ್ನ ಅಪ್ಪನ ಹೆಸರು ಹಿಡಿದು ಕರೀತಾರೆ. "ಮನ್ಯಾಗ ನಾವು ಅಪ್ಪನ ಹೆಸರು ಬಾಯಿಬಿಟ್ಟು ಹೇಳಂಗಿಲ್ರಿ, ಇಲ್ಲಿ ಆ ಹೆಸರಿಗೆ ನಾನ ಓ ಅನಬೇಕು" ಅಂದ. ನಗ್ತಾನೇ ಅಂದ, ಆದರೂ ಗಂಟಲು ಸ್ವಲ್ಪ ಹಿಡಿದಿತ್ತು.

ಯಾರೋ ಸ್ನೇಹಿತರು ‘ಸ್ಯಾಮ್’ ಅಂತ ಬದಲಾಯಿಸಿಕೋ, ಫೋನು ಬರುತ್ತೆ ಅಂದಿದ್ದರಂತೆ. ಅವರು ಸುಮ್ಮನೆ ಹೇಳಿದ ಮಾತಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲೋಸ್ ಇದನ್ನೇ ಪರೀಕ್ಷಿಸೋಕೆ ಸುಮಾರು 13,000 ರೆಸ್ಯೂಮೆ ತಯಾರಿಸಿ ಕೆಲಸದ ಜಾಹೀರಾತುಗಳಿಗೆ ಕಳಿಸಿದ್ದರು. 2011ರಲ್ಲಿ ಅದು ಪ್ರಕಟವಾಯಿತು. ಓದು, ಅನುಭವ ಎಲ್ಲ ಕೆನಡಾದ್ದೇ ಆಗಿದ್ದರೂ, ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರಿಗಿಂತ ಇಂಗ್ಲಿಷ್ ಹೆಸರಿಗೆ ಹೆಚ್ಚು ಕರೆ ಬಂದಿತ್ತು. ಅನುಭವವೂ ಹೊರದೇಶದ್ದಾದರೆ ಇನ್ನೂ ಕಡಿಮೆ. ಇದರಲ್ಲಿ ತಪ್ಪು ಯಾರದು ಅನ್ನೋದರ ಬಗ್ಗೆ ನನಗೆ ಅನುಮಾನವೇ ಇಲ್ಲ, ತಪ್ಪು ಹೆಸರಿನದಲ್ಲ. ಹೆಸರು ಬದಲಿಸಬೇಡ ಅಂತ ಹೇಳಿದೆ. ಅಪ್ಪ ಅಮ್ಮ ಇಟ್ಟ ಹೆಸರನ್ನ ಇಂಗ್ಲಿಷಿನಲ್ಲಿ ಹೇಗೆ ಉಚ್ಚರಿಸಬೇಕು ಅಂತ ಬೇಕಾದರೆ ಪಕ್ಕದಲ್ಲಿ ಬರಿ, ಅವರು ಕಲೀಲಿ.

‘ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ?’ ಅನ್ನೋ ಪ್ರಶ್ನೆ ಇಲ್ಲಿಗೆ ಬಂದವರೆಲ್ಲರೂ ಕೇಳಿಸಿಕೊಂಡದ್ದೇ. ಕೆಲಸ ಕೊಟ್ಟರೆ ತಾನೇ ಅನುಭವ ಬರೋದು? ಮದುವೆಯಾದರೆ ಹುಚ್ಚು ಬಿಡುತ್ತೆ, ಹುಚ್ಚು ಬಿಟ್ಟರೆ ಮದುವೆ ಅಂತ ಗಾದೆಯೇ ಇದೆಯಲ್ಲ. 2002ರಲ್ಲಿ ನಾನು ಬಂದಾಗ, ಸಹಕಾರಿ ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದಿದ್ದೀನಿ ಅಂದರೆ ಒಂದು ಆಫೀಸಿನವರು ಹಾಳೆಯನ್ನ ತಿರುಗಿಸಿ ಹಿಂದುಗಡೆ ಏನಾದರೂ ಇದೆಯಾ ಅಂತ ನೋಡಿದರು. ಆಮೇಲೆ ಒಂದು ವರ್ಷ ಬಿಸ್ಕತ್ತಿನ ಫ್ಯಾಕ್ಟರಿಯಲ್ಲಿ ಡಬ್ಬ ತುಂಬಿದೆ. ಅದನ್ನ ರೆಸ್ಯೂಮೆಯಲ್ಲಿ ಬರೀಲಿಲ್ಲ. ಲೈಬ್ರರಿಯಲ್ಲಿ ಹೊಸಬರಿಗೆ ಉಚಿತವಾಗಿ ಸಹಾಯ ಮಾಡೋಕೆ ಕೂರ್ತಿದ್ದ ಒಬ್ಬ ಹೆಂಗಸು, ಬರಿ, ಅಲ್ಲಿಯ ಸೂಪರ್‌ವೈಸರ್ ಫೋನ್ ನಂಬರ್ ಕೊಡು ಅಂದರು. ಆ ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತಂತೆ, ‘ಅವಳು ಒಂದು ದಿನವೂ ತಡವಾಗಿ ಬರಲಿಲ್ಲ’ ಅಂತ. ಲೆಕ್ಕದ ಕೆಲಸ ಸಿಕ್ಕಿದ್ದು ಆ ಮಾತಿನಿಂದ. ಆ ಬಿಸ್ಕತ್ತಿನ ಸಾಲು ಇವತ್ತಿಗೂ ನನ್ನ ರೆಸ್ಯೂಮೆಯಲ್ಲಿದೆ.

ಈಗ ಕಾನೂನು ಸ್ವಲ್ಪ ಕಣ್ಣು ಬಿಟ್ಟಿದೆ. ಇಲ್ಲಿಯ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಆ ಪ್ರಶ್ನೆ ಮೇಲುನೋಟಕ್ಕೇ ಭೇದಭಾವ ಅಂದಿತ್ತು. ಒಂಟಾರಿಯೊದಲ್ಲಿ ಇಂಜಿನಿಯರ್ ಲೈಸೆನ್ಸಿಗೆ ಒಂದು ವರ್ಷದ ಕೆನಡಾ ಅನುಭವ ಇರಲೇಬೇಕು ಅನ್ನೋ ನಿಯಮವನ್ನ 2023ರಲ್ಲಿ ತೆಗೆದರು. 2026ರ ಜನವರಿ 1ರಿಂದ, 25 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಜಾಹೀರಾತಿನಲ್ಲಿ ಕೆನಡಿಯನ್ ಅನುಭವ ಬೇಕು ಅಂತ ಹಾಕೋ ಹಾಗಿಲ್ಲ. ಸಂದರ್ಶನ ಮಾಡಿದ ಮೇಲೆ 45 ದಿನದೊಳಗೆ ಏನು ತೀರ್ಮಾನವಾಯಿತು ಅಂತ ತಿಳಿಸಲೂ ಬೇಕು. ಈ ಕೊನೆಯದು ನನಗೆ ತುಂಬ ಇಷ್ಟ. ನಮ್ಮ ಕಾಲದಲ್ಲಿ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಒಂದು ಹಾಡೂ ಹೇಳಿಸಿ, ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂತ ಎದ್ದು ಹೋಗ್ತಿದ್ದರು. ಆ ಕಾಗದಕ್ಕೆ ನಮ್ಮ ದೊಡ್ಡಮ್ಮನ ಮಗಳು ಎಷ್ಟು ತಿಂಗಳು ಪೋಸ್ಟ್‌ಮ್ಯಾನ್ ದಾರಿ ಕಾದಳೋ. ಆಗ ಇಂಥದ್ದೊಂದು ಕಾನೂನು ಇರಬೇಕಿತ್ತು, ಏನಂತೀರಿ?

ಇನ್ನೊಂದು ಮಾತು ನಡುವೆ ಹೇಳಿಬಿಡ್ತೀನಿ, ಮರೆತರೆ ಕಷ್ಟ. ಕೆಲಸಕ್ಕೆ ಕಳಿಸೋ ಏಜೆನ್ಸಿಗಳು ಕೆಲಸಗಾರರ ಹತ್ತಿರ ಫೀಸು ತಗೊಳ್ಳೋ ಹಾಗಿಲ್ಲ. ಯಾರಾದರೂ ಕೇಳಿದರೆ ಒಂದು ಡಾಲರೂ ಕೊಡಬೇಡಿ.

ಸರಿ, ಹುಡುಗನ ವಿಷಯ. ಹೊಸ ಎರಡು ಹಾಳೆ ಕಳಿಸಿದ ಮೂರನೇ ವಾರ ಮಿಸ್ಸಿಸಾಗದಲ್ಲಿ ಕಾಂಕ್ರೀಟ್ ಪರೀಕ್ಷೆ ಮಾಡೋ ಒಂದು ಲ್ಯಾಬಿನಿಂದ ಕರೆ ಬಂತು. ಸಂದರ್ಶನದಲ್ಲಿ ಕೇಳಿದ್ದೆಲ್ಲ ಅದೇ ಕ್ಯೂಬಿನ ಸಾಲಿನ ಮೇಲೆ. ಊರಲ್ಲಿ ಕಾಂಕ್ರೀಟನ್ನ ಘನಾಕಾರದ ಅಚ್ಚಿಗೆ ತುಂಬ್ತಾರೆ, ಇಲ್ಲಿ ಸಿಲಿಂಡರಿಗೆ. ಕಾಯೋ ದಿನ ಮಾತ್ರ ಇಲ್ಲೂ 28. ವರದಾ ನದಿ ದಂಡೆಯಲ್ಲಿ ಗಟ್ಟಿಯಾಗೋ ಹಾಗೇ ಮಿಸ್ಸಿಸಾಗದಲ್ಲೂ ಗಟ್ಟಿಯಾಗುತ್ತೆ. ಅದಕ್ಕೆ ಯಾವ ದೇಶದ ಅನುಭವ ಬೇಕು, ಅಲ್ವಾ?

ಆದರೆ ಕೆಲಸ ಕೈಗೆ ಬರೋ ಮೊದಲು ರೆಫರೆನ್ಸಿಗೆ ಫೋನ್ ಮಾಡ್ತಾರೆ. ಅವನು ಕೊಟ್ಟಿದ್ದು ಊರಿನ ತನ್ನ ಹಳೆಯ ಮೇಲಧಿಕಾರಿಯ ನಂಬರ್, ಈಗ ನಿವೃತ್ತರು. ಇಲ್ಲಿ ಮಧ್ಯಾಹ್ನ ಎರಡು ಗಂಟೆ ಅಂದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಹನ್ನೊಂದೂವರೆ. ಪ್ಲಸ್ ಒಂದು ಅಂತ ಶುರುವಾಗೋ ನಂಬರ್ ನೋಡಿ, ಯಾರೋ ಮೋಸದವರು ಅಂತ ಅವರು ಕತ್ತರಿಸಿದರು. ಎರಡನೇ ಸಲವೂ ಕತ್ತರಿಸಿದರು. ರೆಫರೆನ್ಸ್ ಸಿಗ್ತಿಲ್ಲ ಅಂತ ಲ್ಯಾಬಿನಿಂದ ಇಮೇಲ್ ಬಂದಾಗ ಹುಡುಗ ಬೇಲಿ ಹತ್ತಿರ ಬಂದು ನಿಂತ, ಮಾತೇ ಇಲ್ಲ. ನಾನೇ ಅವನಿಂದ ಊರಿಗೆ ಫೋನ್ ಮಾಡಿಸಿದೆ. ಆ ಹಿರಿಯರು ಮರುದಿನ ರಾತ್ರಿ ಊಟ ಮಾಡಿ, ಕನ್ನಡಕ ಹಾಕಿಕೊಂಡು, ಫೋನನ್ನ ಮುಂದಿಟ್ಟುಕೊಂಡು ಎಚ್ಚರವಾಗಿ ಕೂತಿದ್ದರಂತೆ. ಇಪ್ಪತ್ತು ನಿಮಿಷ ಮಾತಾಡಿದರು. ಮಳೆಯಲ್ಲಿ ಕೆಲಸ ನಿಲ್ಲಿಸಿದ ಕತೆಯನ್ನ ಅವರೇ ಹೇಳಿದರು.

ಮುಂದಿನ ಸೋಮವಾರದಿಂದ ಹುಡುಗ ಬೆಳಿಗ್ಗೆ ಐದೂವರೆಗೆ ಮನೆ ಬಿಡ್ತಿದ್ದಾನೆ, ಡಬ್ಬಿಯಲ್ಲಿ ರೊಟ್ಟಿ. ಊರಲ್ಲಿ ಕೂತು ಇದನ್ನ ಓದ್ತಿರೋವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೈಕೆಳಗೆ ಕೆಲಸ ಮಾಡಿದ ಹುಡುಗನೋ ಹುಡುಗಿಯೋ ಈ ಕಡೆ ಬಂದಿದ್ದರೆ, ರಾತ್ರಿ ಹೊತ್ತಿನಲ್ಲಿ ಪ್ಲಸ್ ಒಂದರ ಫೋನ್ ಬಂದಾಗ ಒಮ್ಮೆ ಎತ್ತಿ ನೋಡಿ. ಓಟಿಪಿ ಕೇಳಿದರೆ ಇಟ್ಟುಬಿಡಿ, ಆ ಮಕ್ಕಳ ವಿಷಯ ಕೇಳಿದರೆ ನಿದ್ದೆ ಬಿಟ್ಟು ಮಾತಾಡಿ.